ತಂತಿಗೂದಲಿನ ಟೆರಿಯರ್‌ಗೆ ಮೆಷಿನ್ ಬೇಡ, ಬೆರಳು ಸಾಕು: ಮಲೆನಾಡಿನ ಮನೆಯಲ್ಲಿ ಹ್ಯಾಂಡ್ ಸ್ಟ್ರಿಪಿಂಗ್

"ಅಡಿಕೆ ಸುಲಿಯೋಕೆ ಜನ ಸಿಗದೆ ಒದ್ದಾಡ್ತಿದೀವಿ, ನೀನು ನಾಯಿ ಸುಲೀತಾ ಕೂತಿದೀಯಲ್ಲೋ!"

ಜಗಲಿ ಮೇಲೆ ಬೆಲ್ಲನ ಬೆನ್ನಿನ ಕೂದಲು ಕೀಳುತ್ತಿದ್ದ ನನ್ನನ್ನು ನೋಡಿ ಅಮ್ಮ ಹೀಗೆ ಅಂದು ನಾಲ್ಕು ವರ್ಷವಾಯಿತು. ಈಗ ಅವಳೇ ಅವನ ಬೆನ್ನ ಮೇಲೆ ಕೈಯಾಡಿಸಿ "ಹಣ್ಣಾದಂಗಿದೆ ನೋಡು" ಎಂದು ನೆನಪಿಸುತ್ತಾಳೆ. ಬೆಲ್ಲ ವೈರ್ ಫಾಕ್ಸ್ ಟೆರಿಯರ್. ಬಿಳಿ ಮೈ, ಬೆನ್ನ ಮೇಲೆ ಒಂದು ಕರಿ ಮಚ್ಚೆ, ತಲೆ ಮಾತ್ರ ಜೋನಿಬೆಲ್ಲದ ಬಣ್ಣ. ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಅವನಿಗೆ ದಿನವಿಡೀ ಕೆಲಸ. ಹೆಗ್ಗಣದ ಬಿಲ ಅಗೆಯುವುದು, ಉತ್ತರಾಣಿ ಬೀಜ ಮೈತುಂಬ ಅಂಟಿಸಿಕೊಂಡು ಬರುವುದು, ಮಳೆಯಲ್ಲಿ ನೆನೆದು ಬಂದು ಅಡುಗೆಮನೆಯ ಒಲೆ ಪಕ್ಕ ಮಲಗುವುದು.

ಅವನು ಬಂದ ವರ್ಷ ನನಗೆ ಈ ಹ್ಯಾಂಡ್ ಸ್ಟ್ರಿಪಿಂಗ್, ಅಂದರೆ ಹಳೆಯ ಹೊರಗೂದಲನ್ನು ಕೈಯಿಂದ ಬುಡಸಮೇತ ಕೀಳುವ ವಿದ್ಯೆ, ಏನೂ ಗೊತ್ತಿರಲಿಲ್ಲ. ಕೂದಲು ಬೆಳೆದು ಹೊದರಾಯಿತು ಎಂದು ಪೇಟೆಯ ಒಂದು ಅಂಗಡಿಗೆ ಕರೆದುಕೊಂಡು ಹೋದೆ. ಅರ್ಧ ಗಂಟೆಯಲ್ಲಿ ಮೆಷಿನ್ ಹೊಡೆದು ಕುರಿಮರಿಯಂತೆ ಮಾಡಿ ಕೊಟ್ಟರು. ನೋಡಲು ಚೆಂದವೇ ಇತ್ತು. ಎರಡು ತಿಂಗಳ ಮೇಲೆ ಬೆಳೆದ ಕೂದಲು ಮಾತ್ರ ಹತ್ತಿಯಂತಿತ್ತು, ಕರಿ ಮಚ್ಚೆ ಬೂದಿ ಬಣ್ಣಕ್ಕೆ ತಿರುಗಿತ್ತು. ಆರಿದ್ರಾ ಮಳೆ ಹಿಡಿದಾಗ ನಾಯಿ ಸ್ಪಂಜಿನಂತೆ ನೀರು ಕುಡಿಯತೊಡಗಿತು. ಇಡೀ ದಿನ ಒಣಗದು. ಜುಲೈ ಹೊತ್ತಿಗೆ ಸೊಂಟದ ಹತ್ತಿರ ಕೆಂಪಗೆ ರಸಿಗೆಯ ಹುಣ್ಣು.

ಮೆಷಿನ್ ಹೊಡೆದರೆ ಏನಾಗುತ್ತದೆ

ತಂತಿಗೂದಲಿನ ನಾಯಿಗೆ ಎರಡು ಪದರ. ಮೇಲೆ ಬಿರುಸಾದ ಹೊರಗೂದಲು, ಕೆಳಗೆ ಮೆತ್ತನೆಯ ಒಳಗೂದಲು. ಹೊರಗೂದಲಿನ ಒಂದು ಎಳೆಯನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿ. ತುದಿಯ ಕಡೆ ದಪ್ಪ, ಗಟ್ಟಿ, ಬಣ್ಣ ಗಾಢ. ಬುಡದ ಕಡೆ ಸಣ್ಣಗೆ, ಮೆತ್ತಗೆ, ಬಿಳಿಚಿಕೊಂಡಿರುತ್ತದೆ. ಬಣ್ಣವೂ ಬಿರುಸೂ ಇರುವುದೆಲ್ಲ ಮೇಲರ್ಧದಲ್ಲಿ. ಮೆಷಿನ್ ತೆಗೆಯುವುದು ಆ ಮೇಲರ್ಧವನ್ನೇ. ಉಳಿಯುವುದು ಸತ್ವವಿಲ್ಲದ ಬುಡ ಮತ್ತು ಒಳಗೂದಲು. ಹಳೆಯ ಬುಡ ಚರ್ಮದಲ್ಲಿ ಕೂತೇ ಇರುತ್ತದೆ. ಬುಡಸಮೇತ ಕಿತ್ತರೆ ಅದೇ ಜಾಗದಿಂದ ಹೊಸ ಕೂದಲು ತುದಿಯಿಂದ ಶುರುವಾಗಿ ಬರುತ್ತದೆ, ಅಂದರೆ ಗಟ್ಟಿಯಾಗಿ, ಬಣ್ಣದೊಂದಿಗೆ.

ಬ್ರಿಟನ್ನಿನಲ್ಲಿ ಈ ನಾಯಿಗಳನ್ನು ಬೆಳೆಸಿದ್ದು ನರಿ, ಬ್ಯಾಜರ್‌ಗಳ ಬಿಲಕ್ಕೆ ನುಗ್ಗಿಸಲು. ಟೆರಿಯರ್ ಎಂಬ ಹೆಸರಿನ ಮೂಲವೇ ನೆಲ ಎಂಬ ಅರ್ಥದ ಲ್ಯಾಟಿನ್ ಮಾತು. ಮುಳ್ಳು ಗೀರದಂತೆ, ಮಣ್ಣು ಉದುರಿ ಹೋಗುವಂತೆ, ನೀರು ಜಾರುವಂತೆ ಇರುವ ಅಂಗಿ ಅದು. ನಮ್ಮ ಮಳೆಗಾಲಕ್ಕೂ ಲಂಟಾನ ಪೊದೆಗೂ ಅಂಥದ್ದೇ ಬೇಕು.

ವೈರ್ ಫಾಕ್ಸ್, ಏರ್‌ಡೇಲ್, ವೆಲ್ಷ್, ಲೇಕ್‌ಲ್ಯಾಂಡ್, ಐರಿಷ್, ಬಾರ್ಡರ್, ಕೇರ್ನ್, ಸ್ಕಾಟಿಷ್, ವೆಸ್ಟಿ, ನಾರ್ವಿಚ್, ಒರಟುಗೂದಲಿನ ಜ್ಯಾಕ್ ರಸಲ್, ಇವಕ್ಕೆಲ್ಲ ಈ ಕ್ರಮ ಹೊಂದುತ್ತದೆ. ಟೆರಿಯರ್ ಅಲ್ಲದಿದ್ದರೂ ಮಿನಿಯೇಚರ್ ಷ್ನಾವ್ಜರ್, ತಂತಿಗೂದಲಿನ ಡ್ಯಾಷ್‌ಹಂಡ್‌ಗೂ ಸರಿ. ಯಾರ್ಕ್‌ಷೈರ್, ಬೆಡ್ಲಿಂಗ್ಟನ್, ಕೆರಿ ಬ್ಲೂ ಹೆಸರಿನಲ್ಲಿ ಟೆರಿಯರ್‌ಗಳೇ, ಕೂದಲು ಮಾತ್ರ ರೇಷ್ಮೆ, ಉಣ್ಣೆಯ ಜಾತಿ. ಅವನ್ನು ಕೀಳಲು ಹೋಗಬೇಡಿ. ಸಂತಾನಹರಣ ಮಾಡಿಸಿದ ಕೆಲವು ನಾಯಿಗಳ ಕೂದಲು ಮೆತ್ತಗಾಗಿ ಸರಿಯಾಗಿ ಬಿಟ್ಟುಕೊಡುವುದಿಲ್ಲ. ಪ್ರಯತ್ನಿಸಿ ನೋಡಿ, ಬಾರದಿದ್ದರೆ ಕತ್ತರಿಯಲ್ಲೇ ಅಂದ ಮಾಡಿ. ನಾಯಿಗೆ ನೋವು ಕೊಟ್ಟು ಬಣ್ಣ ಉಳಿಸುವುದರಲ್ಲಿ ಅರ್ಥವಿಲ್ಲ.

ಕಾಯೋ ಹಣ್ಣೋ

ಇಡೀ ಕೆಲಸದ ಗುಟ್ಟು ಇಷ್ಟೇ, ಹಣ್ಣಾದದ್ದನ್ನು ಮಾತ್ರ ಕೀಳಬೇಕು. ಕೂದಲು ಬೆಳೆಯುತ್ತದೆ, ನಿಲ್ಲುತ್ತದೆ, ಬುಡ ಸಡಿಲವಾಗುತ್ತದೆ. ಸಡಿಲವಾದದ್ದು ಬೆರಳಿಗೆ ತಾನೇ ಬರುತ್ತದೆ, ನಾಯಿಗೆ ನೋವಿಲ್ಲ. ಬೆಳೆಯುತ್ತಿರುವ ಕೂದಲನ್ನು ಕಿತ್ತರೆ ನಮ್ಮ ತಲೆಗೂದಲು ಎಳೆದಷ್ಟೇ ನೋವು. ಅಡಿಕೆಯನ್ನಾದರೂ ಕಾಯಿ ಇರುವಾಗಲೇ ಕೊಯ್ದು ಬೇಯಿಸಿ ಕೆಂಪಡಿಕೆ ಮಾಡಬಹುದು, ನಾಯಿಗೂದಲಿಗೆ ಆ ಸೌಲಭ್ಯವಿಲ್ಲ.

ಹಣ್ಣಾಗಿದೆ ಎಂದು ತಿಳಿಯುವುದು ಹೀಗೆ. ಮೈಗೆ ಅಂಟಿಕೊಂಡಿದ್ದ ಕೂದಲು ಎದ್ದು ನಿಂತಿರುತ್ತದೆ, ಬೆನ್ನ ಮೇಲೆ ಅಲ್ಲಲ್ಲಿ ಬೈತಲೆ ತೆಗೆದಂತೆ ಸೀಳುತ್ತದೆ, ಹೊಳಪು ಹೋಗಿ ಮಾಸಿರುತ್ತದೆ. ಭುಜದ ಮೂಳೆಗಳ ನಡುವೆ ನಾಲ್ಕೈದು ಎಳೆ ಹಿಡಿದು ಎಳೆಯಿರಿ. ಜಗ್ಗದೆ ಬಂತೇ, ನಾಯಿ ತಿರುಗಿಯೂ ನೋಡಲಿಲ್ಲವೇ, ಕಿತ್ತ ಎಳೆಯ ಬುಡ ಒಣಗಿದೆಯೇ? ಹಾಗಾದರೆ ಶುರು ಮಾಡಿ. ಬುಡ ಅಂಟಂಟಾಗಿದ್ದರೆ, ಚರ್ಮ ಎದ್ದು ಬಂದರೆ, ನಾಯಿ ಮೈ ಕೊಡವಿದರೆ ಎರಡು ವಾರ ಬಿಟ್ಟು ಮತ್ತೆ ನೋಡಿ.

ಹಿಂದೆ ಮೆಷಿನ್ ಹೊಡೆಸಿದ್ದ ನಾಯಿಯಾದರೆ ಮೊದಲ ಸಲ ನಿರಾಸೆ ಆಗುತ್ತದೆ. ಸ್ವಲ್ಪ ಬರುತ್ತದೆ, ಸ್ವಲ್ಪ ಬರುವುದಿಲ್ಲ, ಬಣ್ಣ ತೇಪೆ ತೇಪೆ. ಬೆಲ್ಲನ ಕರಿ ಮಚ್ಚೆ ಮತ್ತೆ ಕರ್ರಗಾಗಿದ್ದು ಮೂರನೇ ಸುತ್ತಿಗೆ.

ಯಾವಾಗ

ಪೂರ್ತಿ ಕಿತ್ತ ಮೇಲೆ ಹೊಸ ಅಂಗಿ ತುಂಬಲು ಎಂಟರಿಂದ ಹನ್ನೆರಡು ವಾರ ಬೇಕು. ಅದನ್ನು ಹಿಂದಿನಿಂದ ಎಣಿಸಿ. ಮೃಗಶಿರ ಮಳೆ ಜೂನ್ ಮೊದಲ ವಾರ ಕಳೆಯುತ್ತಲೇ ಶುರು. ಅಷ್ಟರೊಳಗೆ ನಾಯಿಯ ಮೈಮೇಲೆ ಗಟ್ಟಿ ಕೂದಲು ಇರಬೇಕು. ಹಾಗಾಗಿ ನಾನು ಶಿವರಾತ್ರಿ ಮುಗಿದು ಯುಗಾದಿ ಬರುವುದರೊಳಗೆ ಒಂದು ಸುತ್ತು ಕೀಳುತ್ತೇನೆ. ಇನ್ನೊಂದು ಸುತ್ತು ದಸರಾ ಹೊತ್ತಿಗೆ, ಡಿಸೆಂಬರ್ ಚಳಿಗೆ ಮೈ ತುಂಬುವಂತೆ. ಜೂನ್‌ನಿಂದ ಆಗಸ್ಟ್‌ವರೆಗೆ ಪೂರ್ತಿ ಕೀಳುವ ಗೋಜಿಗೇ ಹೋಗುವುದಿಲ್ಲ. ತೇವದ ಕೂದಲು ಬೆರಳಿನಿಂದ ಜಾರುತ್ತದೆ, ಬರಿಮೈ ನಾಯಿ ಮಳೆಯಲ್ಲಿ ನಡುಗುತ್ತದೆ, ಗೀರಿದ ಜಾಗ ಒಣಗುವುದಿಲ್ಲ.

ಸಾಮಾನು

ಬೆರಳುಗಳೇ ಮುಖ್ಯ, ಉಳಿದದ್ದು ಸಹಾಯಕ್ಕೆ. ಬ್ಯಾಂಕಿನಲ್ಲಿ ನೋಟು ಎಣಿಸುವವರು ಹಾಕಿಕೊಳ್ಳುವ ರಬ್ಬರ್ ಬೆರಳುಟೊಪ್ಪಿ ಹೆಬ್ಬೆರಳಿಗೂ ತೋರುಬೆರಳಿಗೂ ಒಂದೊಂದು. ನನ್ನದು ಶಿವಮೊಗ್ಗದ ಗಾಂಧಿ ಬಜಾರಿನಿಂದ ತಂದದ್ದು. ಹಿಡಿತಕ್ಕೆ ಚಾಕ್‌ಪೀಸ್ ಪುಡಿ. ಕೇರಂ ಬೋರ್ಡಿನ ಪುಡಿ ಬಳಸಬೇಡಿ. ಅದು ಹೆಚ್ಚಾಗಿ ಬೋರಿಕ್ ಪುಡಿ, ನೆಕ್ಕಿದರೆ ನಾಯಿಗೆ ವಿಷ. ಹಿಮ್ಮಡಿ ಉಜ್ಜುವ ರಂಧ್ರದ ಕಲ್ಲೂ ಸಣ್ಣ ಕೂದಲು ಹಿಡಿಯಲು ಒದಗುತ್ತದೆ. ಒಂದು ಲೋಹದ ಬಾಚಣಿಗೆ, ಸಣ್ಣ ತಂತಿ ಹಲ್ಲುಗಳ ಸ್ಲಿಕರ್ ಬ್ರಷ್, ತುದಿ ಮೊಂಡಾದ ಕತ್ತರಿ, ಕೂದಲು ತೆಳು ಮಾಡುವ ಹಲ್ಲಿನ ಕತ್ತರಿ. ಮೇಜಿನ ಮೇಲೆ ಜಾರದಂತೆ ರಬ್ಬರ್ ಮ್ಯಾಟ್, ಇಲ್ಲದಿದ್ದರೆ ಗೋಣಿಚೀಲ.

ಸ್ಟ್ರಿಪಿಂಗ್ ನೈಫ್ ಬಗ್ಗೆ ಎರಡು ಮಾತು. ಅದು ಹೆಸರಿಗಷ್ಟೇ ಚಾಕು. ಕೂದಲನ್ನು ಕತ್ತರಿಸಲು ಅಲ್ಲ, ಹೆಬ್ಬೆರಳಿಗೂ ಲೋಹಕ್ಕೂ ನಡುವೆ ಒತ್ತಿ ಹಿಡಿಯಲು ಇರುವುದು. ಹೊಸದು ಹರಿತವಾಗಿ ಬರುತ್ತದೆ. ನಾನದನ್ನು ಬಟ್ಟೆ ಒಗೆಯುವ ಕಲ್ಲಿಗೆ ತಿಕ್ಕಿ ಮೊಂಡು ಮಾಡಿದ್ದೇನೆ. ಈ ಬುದ್ಧಿ ಬಂದದ್ದು ತಡವಾಗಿ. ಮೊದಲ ಸಲ ಹೊಸ ನೈಫ್ ಹಿಡಿದು ಮಣಿಕಟ್ಟು ತಿರುಗಿಸಿ ತಿರುಗಿಸಿ ಎಳೆದೆ, ಸರಸರನೆ ಬಂತು, ಖುಷಿಪಟ್ಟೆ. ಬಂದದ್ದೆಲ್ಲ ತುಂಡಾದ ಕೂದಲು. ಕರಿ ಮಚ್ಚೆಯ ನಡುವೆ ಅಂಗೈಯಗಲ ಜಾಗ ಮೂರು ತಿಂಗಳು ಬೂದಿ ಬಳಿದಂತಿತ್ತು. ಹೊಸಬರು ಮೊದಲ ವರ್ಷ ಬೆರಳಲ್ಲೇ ಕಲಿಯುವುದು ಒಳ್ಳೆಯದು.

ಶುರು ಮಾಡುವ ಮುಂಚೆ ಉಣುಗು ನೋಡಿ

ವಾರದಿಂದ ಸ್ನಾನ ಮಾಡಿಸಿರಬಾರದು. ತೊಳೆದ ಕೂದಲು ನುಣ್ಣಗಾಗಿ ಕೈಗೆ ನಿಲ್ಲುವುದಿಲ್ಲ, ಸ್ವಲ್ಪ ಕೊಳೆ ಇದ್ದರೇ ಹಿಡಿತ. ಬ್ರಷ್ ಮಾಡಿ, ಬಾಚಿ, ಗಂಟು ಬಿಡಿಸಿ. ಆಮೇಲೆ ಕಿವಿಯೊಳಗೆ, ಕತ್ತಿನ ಪಟ್ಟಿಯ ಕೆಳಗೆ, ಕಂಕುಳು, ಬೆರಳ ಸಂದಿ ಎಲ್ಲ ಕಡೆ ಉಣುಗು ಹುಡುಕಿ.

ನಮ್ಮ ಜಿಲ್ಲೆಯವರಿಗೆ ಉಣುಗಿನ ವಿಷಯ ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಇಂದಿಗೂ ಬೇಸಿಗೆ ತಿಂಗಳುಗಳಲ್ಲಿ ಮಲೆನಾಡನ್ನು ಕಾಡುತ್ತಿದೆ. ಕಾಡಂಚಿಗೆ ಹೋಗಿ ಬಂದ ನಾಯಿ ಆ ಉಣುಗನ್ನು ಮನೆಗೆ ಹೊತ್ತು ತರಬಹುದು, ಯುಗಾದಿಯ ಸುತ್ತು ಬೀಳುವುದೂ ಅದೇ ಕಾಲದಲ್ಲಿ. ಕೈಗವಸು ಹಾಕಿ, ಚಿಮುಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರಕ್ಕೆ ಎಳೆಯಿರಿ. ಉಗುರಲ್ಲಿ ಹಿಸುಕುವುದು, ಸೀಮೆಎಣ್ಣೆ ಹಚ್ಚುವುದು, ಬೆಂಕಿ ತಾಗಿಸುವುದು ಬೇಡ. ಕಿತ್ತದ್ದನ್ನು ಸ್ಪಿರಿಟ್ ಇರುವ ಡಬ್ಬಿಗೆ ಹಾಕಿ. ನಾಯಿ ಮಂಕಾಗಿದ್ದು, ಊಟ ಬಿಟ್ಟು, ವಸಡು ಬಿಳಿಚಿಕೊಂಡಿದ್ದರೆ ಅದು ಉಣುಗುಜ್ವರವಿರಬಹುದು. ಕೂದಲಿನ ಕೆಲಸ ಆಮೇಲಿರಲಿ, ಅವತ್ತೇ ಪಶುವೈದ್ಯರ ಹತ್ತಿರ ಹೋಗಿ. ಉಂಬಳ ಕಚ್ಚಿದ ಜಾಗ ಇನ್ನೂ ಒದ್ದೆಯಾಗಿದ್ದರೆ ಅದರ ಸುತ್ತ ಕೀಳಬೇಡಿ.

ಕೈ ಹೇಗಿರಬೇಕು

ಇದನ್ನು ನನಗೆ ಕಲಿಸಿದ್ದು ವಿಡಿಯೋಗಳಲ್ಲ, ಗದ್ದೆ. ಸಸಿಮಡಿಯಲ್ಲಿ ಸಸಿ ಕೀಳುವಾಗ ನಾನು ಹಿಡಿ ತುಂಬ ಹಿಡಿದು ಜಗ್ಗಿ ಅರ್ಧ ಸಸಿ ಹರಿದು ಹಾಕಿದ್ದಕ್ಕೆ ದೊಡ್ಡಮ್ಮ ಬೈದಿದ್ದರು: "ಬಲ ಹಾಕಬೇಡ ಮಾರಾಯ, ನಾಕೇ ನಾಕು ಹಿಡಿ, ಬುಡದ ಹತ್ರ ಹಿಡಿ, ಅದು ವಾಲಿದ ಕಡೆಗೇ ಎಳಿ." ನಾಯಿಗೂ ಇದೇ, ಒಂದು ಬದಲಾವಣೆ ಬಿಟ್ಟರೆ. ಇಲ್ಲಿ ಹಿಡಿಯುವುದು ಬುಡವನ್ನಲ್ಲ, ತುದಿಯನ್ನು. ಬುಡಕ್ಕೆ ಬೆರಳು ಹಾಕಿದರೆ ಒಳಗೂದಲೂ ಸಿಕ್ಕಿ ಚರ್ಮ ಜಗ್ಗುತ್ತದೆ.

ನಾಯಿಯ ಎಡಕ್ಕೆ ನಿಂತೆ ಎಂದುಕೊಳ್ಳಿ, ಅದರ ಮುಖ ನನ್ನ ಎಡಗಡೆಗೆ. ಎಡಗೈಯನ್ನು ಕೀಳುವ ಜಾಗಕ್ಕಿಂತ ಸ್ವಲ್ಪ ಮುಂದೆ, ತಲೆಯ ಕಡೆಗೆ ಚಪ್ಪಟೆಯಾಗಿ ಇಟ್ಟು ಚರ್ಮವನ್ನು ಬಿಗಿಯಾಗಿ ಹಿಡಿಯುತ್ತೇನೆ. ನೋವು ಆಗದಿರುವುದಕ್ಕೆ ಅರ್ಧ ಕಾರಣ ಈ ಎಡಗೈ. ಬಲಗೈಯ ಹೆಬ್ಬೆರಳು, ತೋರುಬೆರಳಿನಲ್ಲಿ ಉದ್ದದ ಐದಾರು ಎಳೆಗಳ ತುದಿ ಹಿಡಿದು, ಕೂದಲು ಬೆಳೆದ ದಿಕ್ಕಿಗೇ, ಬೆನ್ನಿಗೆ ಸಮನಾಗಿ, ಚುರುಕಾಗಿ ಎಳೆಯುತ್ತೇನೆ. ಮೇಲಕ್ಕೆ ಎತ್ತುವುದಿಲ್ಲ. ಮಣಿಕಟ್ಟು ಅಲುಗುವುದಿಲ್ಲ, ಮೊಣಕೈಯಿಂದ ಹಿಂದಕ್ಕೆ ಬರುತ್ತದೆ. ನಿಧಾನವಾಗಿ ಜಗ್ಗಿದರೆ ನೋಯುತ್ತದೆ, ಸಣ್ಣ ಚಿಮ್ಮು ಇರಬೇಕು. ಕಿತ್ತು, ಬಿಟ್ಟು, ಕಿತ್ತು, ಬಿಟ್ಟು... ಹತ್ತು ನಿಮಿಷದಲ್ಲಿ ಒಂದು ಲಯ ಸಿಗುತ್ತದೆ. ಬೆಲ್ಲ ಆ ಲಯಕ್ಕೆ ತೂಕಡಿಸುತ್ತಾನೆ, ನಿಜವಾಗಿಯೂ.

ಒಂದೇ ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ. ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅಲ್ಲಿಂದ ಎದ್ದುಬಿಡಿ. ನಾಯಿ ಪದೇ ಪದೇ ತುಟಿ ನೆಕ್ಕಿದರೆ, ಆಕಳಿಸಿದರೆ, ಬಾಲ ಮುದುಡಿದರೆ ಅದು "ಸಾಕು" ಎಂದು ಹೇಳುತ್ತಿದೆ. ಮೊದಲಿಗೆ ಒಂದು ಸಲಕ್ಕೆ ಅರ್ಧ ಗಂಟೆ ಸಾಕು. ಒಂದೇ ದಿನ ಮುಗಿಸಬೇಕೆಂದು ಯಾರೂ ಹೇಳಿಲ್ಲ, ಒಂದೆರಡು ವಾರದಲ್ಲಿ ಮುಗಿದರೆ ಆಯಿತು.

ಮೈಯ ಯಾವ ಭಾಗ, ಯಾವ ಕ್ರಮ

ಭುಜದ ನಡುವಿನಿಂದ ಶುರು ಮಾಡಿ ಬೆನ್ನುದ್ದಕ್ಕೂ ಬಾಲದ ಬುಡದವರೆಗೆ. ಇಲ್ಲಿ ಚರ್ಮ ದಪ್ಪ, ನಾಯಿಗೂ ಧೈರ್ಯ ಬರುತ್ತದೆ, ನಿಮಗೂ. ಅಲ್ಲಿಂದ ಎರಡೂ ಪಕ್ಕೆಗೆ ಇಳಿಯಿರಿ. ಕೂದಲು ಪಕ್ಕೆಯಲ್ಲಿ ಓರೆಯಾಗಿ ಕೆಳಕ್ಕೆ ವಾಲಿರುತ್ತದೆ, ಎಳೆತವೂ ಓರೆ. ಮೊದಲ ದಿನಕ್ಕೆ ಇಷ್ಟೇ. ಈಗ ನಾಯಿ ಬನಿಯನ್ ಹಾಕಿಕೊಂಡಂತೆ ಕಾಣುತ್ತದೆ, ನೋಡಿದವರು ನಗುತ್ತಾರೆ.

ಎಂಟು ಹತ್ತು ದಿನ ಬಿಟ್ಟು ಕತ್ತಿನ ಮೇಲ್ಭಾಗ, ಭುಜ, ತೊಡೆಯ ಹೊರಮೈ, ಬಾಲ. ಕೊನೆಗೆ ತಲೆ. ಅಂತರ ಬಿಡುವುದಕ್ಕೆ ಕಾರಣವಿದೆ. ಬೆನ್ನಿನ ಅಂಗಿ ಉದ್ದ ಬೇಕು, ಭುಜದ್ದು ಅದಕ್ಕಿಂತ ಗಿಡ್ಡ, ತಲೆಯದು ಇನ್ನೂ ಗಿಡ್ಡ. ಕೊನೆಗೆ ಕಿತ್ತದ್ದು ಕೊನೆಗೆ ಬೆಳೆಯುವುದರಿಂದ ಉದ್ದ ತಾನಾಗಿಯೇ ಇಳಿಜಾರಾಗುತ್ತದೆ. ಪ್ರದರ್ಶನಕ್ಕೆ ಕರೆದೊಯ್ಯುವವರು ಇದನ್ನು ದಿನ ಲೆಕ್ಕ ಹಾಕಿ ಮಾಡುತ್ತಾರೆ. ನಮ್ಮ ತೋಟದ ನಾಯಿಗೆ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ.

ತಲೆಯಲ್ಲಿ ಕಿವಿಗಳ ನಡುವಿನ ಬುರುಡೆಯ ಮೇಲಿನದನ್ನು ಗಿಡ್ಡ ಮಾಡಿ. ಹುಬ್ಬು ಮತ್ತು ಗಡ್ಡ ಮುಟ್ಟಬೇಡಿ, ಈ ನಾಯಿಯ ಮುಖವೇ ಅವು. ಹುಬ್ಬು ಕಣ್ಣಿಗೆ ಇಳಿದಿದ್ದರೆ ಒಳಮೂಲೆಯಲ್ಲಿ ನಾಲ್ಕು ಎಳೆ ತೆಗೆದರೆ ಸಾಕು. ಕೆನ್ನೆ, ಗಂಟಲು, ಎದೆಯ ಮುಂಭಾಗದ ಚರ್ಮ ತೆಳು. ಅಲ್ಲಿ ಎರಡೆರಡೇ ಎಳೆ, ಒಪ್ಪದಿದ್ದರೆ ಹಲ್ಲಿನ ಕತ್ತರಿ. ಕಿವಿಯ ಹೊರಮೈಯನ್ನು ಅಂಗೈಯಲ್ಲಿ ಹರಡಿ ಹಿಡಿದು ಬೆರಳಿಂದ ಕೀಳಿ, ಅಂಚಿಗೆ ಕತ್ತರಿ. ಹೊಟ್ಟೆಯ ಅಡಿ, ತೊಡೆಸಂದಿ, ಗುದದ ಸುತ್ತ ಕೀಳಲೇಬಾರದು. ಅಲ್ಲೆಲ್ಲ ಮೊಂಡು ಕತ್ತರಿ ಮಾತ್ರ.

ಕಾಲುಗಳ ಕೂದಲು ಉದ್ದವಾಗಿಯೇ ಇರಬೇಕು, ಕಂಬದಂತೆ. ಬುಡದಿಂದ ತುದಿಗೆ ಬಾಚಿ, ಹೊರಗೆ ಚಾಚಿದ ತುದಿಗಳನ್ನಷ್ಟೇ ಆರಿಸಿ ಕೀಳಿ. ಪಾದದ ಅಡಿಯ ಮೆತ್ತೆಗಳ ನಡುವಿನ ಕೂದಲನ್ನು ಮಾತ್ರ ಕತ್ತರಿಯಿಂದ ಸಮ ಮಾಡಿ. ಮಳೆಗಾಲದಲ್ಲಿ ಕೆಸರು ಉಂಡೆಗಟ್ಟುವುದು, ತುರಿಕೆ ಹಿಡಿಯುವುದು ಅಲ್ಲಿಂದಲೇ.

ಹೊರಗೂದಲು ಹೋದ ಮೇಲೆ ಒಳಗೂದಲು ದಟ್ಟವಾಗಿದ್ದರೆ ಅದನ್ನೂ ತೆಳು ಮಾಡಬೇಕು, ಇಲ್ಲವಾದರೆ ಹೊಸ ಕೂದಲಿಗೆ ಜಾಗವಿಲ್ಲ. ಮೊಂಡು ನೈಫನ್ನು ಮೈಗೆ ಚಪ್ಪಟೆಯಾಗಿ ಮಲಗಿಸಿ ಬಾಚಣಿಗೆಯಂತೆ ಎಳೆದರೆ ಸಡಿಲವಾದದ್ದು ಬರುತ್ತದೆ. ಹಾರ್ಡ್‌ವೇರ್ ಅಂಗಡಿಯ ಹ್ಯಾಕ್ಸಾ ಬ್ಲೇಡಿನ ತುಂಡಿಗೆ ಟೇಪು ಸುತ್ತಿ ಬಳಸುವವರಿದ್ದಾರೆ, ನಾನೂ ಅದನ್ನೇ ಬಳಸುವುದು. ಒತ್ತಬೇಡಿ, ಬ್ಲೇಡಿನ ಭಾರವೇ ಸಾಕು. ಪೂರ್ತಿ ಬೋಳಿಸಬೇಡಿ.

ಆಮೇಲೆ

ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ಬಿಡಿ. ಸ್ನಾನ ಎರಡು ದಿನದ ನಂತರ, ಉಗುರುಬೆಚ್ಚಗಿನ ನೀರು, ನಾಯಿಗಳ ಸೌಮ್ಯ ಶಾಂಪೂ. ಕೊಬ್ಬರಿಎಣ್ಣೆ ಹಚ್ಚಲು ಅಮ್ಮ ಪ್ರತಿ ಸಲ ಬರುತ್ತಾಳೆ, ನಾನು ಪ್ರತಿ ಸಲ ತಡೆಯುತ್ತೇನೆ. ಧೂಳು ಅಂಟುತ್ತದೆ, ನಾಯಿ ನೆಕ್ಕುತ್ತಲೇ ಇರುತ್ತದೆ. ಮಧ್ಯಾಹ್ನದ ಬಿಸಿಲಿಗೂ ಲಂಟಾನ ಪೊದೆಗೂ ನಾಲ್ಕು ದಿನ ಬಿಡಬೇಡಿ. ಬೆನ್ನಿಗೆ ಬಿಡುವ ಉಣುಗಿನ ಔಷಧಿಯನ್ನು ಕಿತ್ತ ದಿನವೇ ಹಾಕಿದರೆ ಉರಿಯಬಹುದು, ಎಷ್ಟು ದಿನ ಬಿಡಬೇಕೆಂದು ನಿಮ್ಮ ಪಶುವೈದ್ಯರನ್ನೇ ಕೇಳಿ. ಸಣ್ಣ ಸಣ್ಣ ಗುಳ್ಳೆ ಎದ್ದು ಎರಡು ದಿನದಲ್ಲಿ ಇಳಿಯದಿದ್ದರೂ ತೋರಿಸಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ.

ವರ್ಷಕ್ಕೆರಡು ಸಲದ ಈ ದೊಡ್ಡ ಕೆಲಸ ಬೇಡ ಅನ್ನುವವರಿಗೆ ಇನ್ನೊಂದು ದಾರಿಯಿದೆ. ವಾರಕ್ಕೊಮ್ಮೆ ಕಾಲು ಗಂಟೆ ಕೂತು, ಮೈಯೆಲ್ಲ ಬಾಚಿ, ಎದ್ದು ನಿಂತ ಅತಿ ಉದ್ದದ ಎಳೆಗಳನ್ನಷ್ಟೇ ಕೀಳುತ್ತ ಹೋಗುವುದು. ಆಗ ಮೈಮೇಲೆ ಮೂರು ನಾಲ್ಕು ವಯಸ್ಸಿನ ಕೂದಲು ಒಟ್ಟಿಗೆ ಇರುತ್ತದೆ, ನಾಯಿ ಯಾವತ್ತೂ ಬರಿಮೈ ಆಗುವುದಿಲ್ಲ. ನಿಜ ಹೇಳಬೇಕೆಂದರೆ ಮಲೆನಾಡಿಗೆ ಇದೇ ಒಳ್ಳೆಯದು, ಮಳೆಗಾಲದಲ್ಲೂ ಒಲೆ ಮುಂದೆ ನಾಯಿಯನ್ನು ಒಣಗಿಸಿ ಮಾಡಬಹುದು. ನನ್ನಿಂದ ವಾರದ ಶಿಸ್ತು ಆಗಿಲ್ಲ. ಕೊಯ್ಲು ಶುರುವಾದರೆ ನಾಯಿಯಿರಲಿ, ನನ್ನ ತಲೆ ಬಾಚಿಕೊಳ್ಳಲೂ ಪುರುಸೊತ್ತಿರುವುದಿಲ್ಲ.

ಕಿತ್ತ ಕೂದಲನ್ನು ಹಕ್ಕಿ ಗೂಡಿಗಾಗಲಿ ಎಂದು ಬೇಲಿ ಮೇಲೆ ಹರಡುವ ಆಸೆ ಎಲ್ಲರಿಗೂ ಬರುತ್ತದೆ. ನಾಯಿಗೆ ಉಣುಗಿನ ಔಷಧಿ ಹಾಕುವವರು ಹಾಗೆ ಮಾಡಬೇಡಿ, ವಿಷ ಕೂದಲಲ್ಲಿ ಉಳಿದು ಮರಿಗಳಿಗೆ ತಾಗುತ್ತದೆ. ನಾನು ಗೊಬ್ಬರದ ಗುಂಡಿಗೂ ಹಾಕದೆ ಕಾಗದದಲ್ಲಿ ಕಟ್ಟಿ ಕಸಕ್ಕೆ ಹಾಕುತ್ತೇನೆ. ಇನ್ನು, ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿದ್ದರೆ ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿ ಮೇಜು ಇಡಿ. ಕಳೆದ ವರ್ಷ ದಸರಾ ಸುತ್ತು ತಪ್ಪಿ ಡಿಸೆಂಬರ್‌ನಲ್ಲಿ ಕೂತಿದ್ದೆ. ಅಡಿಕೆ ಬೇಯಿಸಿದ ಚೊಗರಿನ ಅಂಟಿಗೆ ಬೆಲ್ಲನ ಬಿಳಿ ಕೂದಲು ಮೆತ್ತಿಕೊಂಡು, ಸಂಜೆಯವರೆಗೆ ಚಾಪೆ ಮೇಲೆ ಕೂತು ಒಂದೊಂದೇ ಎಳೆ ಬಿಡಿಸಿದೆ. ಅಮ್ಮ ಏನೂ ಹೇಳಲಿಲ್ಲ, ನನ್ನ ಬೆರಳುಟೊಪ್ಪಿಗಳನ್ನು ತಂದು ಪಕ್ಕದಲ್ಲಿಟ್ಟು ಹೋದಳು.